ವಿಶ್ವಸಂಸ್ಥೆಗೆ ದೂರು ಬರೆದಿದ್ದಕ್ಕೆ ಊರಲ್ಲಿ ಕಿರುಕುಳ ಶುರುವಾಗಿದೆ, ಏನು ಮಾಡಬೇಕು? (ಯಾದಗಿರಿ)

ಭೀಮಾದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಾನು ಯಾದಗಿರಿ ಜಿಲ್ಲೆಯವನು. ಊರಿನ ಹೆಸರು, ಕಾರ್ಖಾನೆ ಹೆಸರು ಬೇಕಂತಲೇ ಹಾಕಿಲ್ಲ.

ನಮ್ಮೂರ ಪಕ್ಕ ಕೆಮಿಕಲ್ ಕಾರ್ಖಾನೆ ಇದೆ. ರಾತ್ರಿ ಹೊತ್ತು ಉಸಿರಾಡಲಿಕ್ಕೆ ಆಗದಂಥ ವಾಸನೆ. ಹಳ್ಳದ ನೀರಿನ ಬಣ್ಣವೇ ಬದಲಾಗಿದೆ. ದನಗಳೂ ಅದನ್ನು ಮೂಸಿ ವಾಪಸ್ ಬರುತ್ತವೆ. ಕೊಡಬೇಕಾದ ಕಡೆಗೆಲ್ಲ ಅರ್ಜಿ ಕೊಟ್ಟಾಯಿತು, ಸ್ವೀಕೃತಿ ಚೀಟಿ ಬಿಟ್ಟರೆ ಏನೂ ಬರಲಿಲ್ಲ. ಕೊನೆಗೆ ನಮ್ಮ ಮಹಿಳಾ ಸಂಘದವರು ಬೆಂಗಳೂರಿನ ಒಂದು ಗುಂಪಿನ ಸಹಾಯ ತಗೊಂಡು ವಿಶ್ವಸಂಸ್ಥೆಯಲ್ಲಿ ವಿಷಕಾರಿ ವಸ್ತುಗಳ ವಿಷಯ ನೋಡುವ ವಿಶೇಷ ವರದಿಗಾರರಿಗೆ (ಪತ್ರಕರ್ತರಲ್ಲ, ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರು) ಬರೆದರು. ಅವರು ಸರ್ಕಾರಕ್ಕೆ ಪತ್ರ ಬರೆದು ವಿವರಣೆ ಕೇಳಿದರು. ಆ ಪತ್ರ ಆಮೇಲೆ ವೆಬ್‌ಸೈಟಿನಲ್ಲಿ ಬಂತು. ಅದರಲ್ಲಿ ನಮ್ಮೂರಿನ ಇಬ್ಬರು ಹೆಣ್ಣುಮಕ್ಕಳ ಹೆಸರು ಇದೆ.

ಅಲ್ಲಿಂದ ಶುರುವಾಯಿತು. ಒಬ್ಬರು ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸುತ್ತಿದ್ದರು, ನಾಳೆಯಿಂದ ಬರಬೇಡ ಅಂದರು. ಇನ್ನೊಬ್ಬರದು ಸಣ್ಣ ಕಿರಾಣಿ ಅಂಗಡಿ, ಅಲ್ಲಿ ಯಾರೂ ಸಾಮಾನು ತಗೋಬಾರದು ಅಂತ ಊರಲ್ಲಿ ಕೆಲವರು ಹೇಳಿಸಿದ್ದಾರೆ. ಮಫ್ತಿಯಲ್ಲಿ ಒಬ್ಬರು ಬಂದು "ಫಾರಿನ್ ದುಡ್ಡು ಎಷ್ಟು ಬಂತು, ಯಾರು ಬರೆಸಿದ್ದು" ಅಂತ ಕೇಳಿ, ಸೋಮವಾರ ಠಾಣೆಗೆ ಬಂದು ಹೋಗಿ ಅಂತ ಬಾಯಲ್ಲೇ ಹೇಳಿ ಹೋದರು. ಅಂಗಡಿ ಅಕ್ಕ ನಿನ್ನೆ ನನ್ನ ಹತ್ತಿರ ಬಂದು "ನನ್ನ ಹೆಸರು ತೆಗಸಿ ಬಿಡಪ್ಪ ತಮ್ಮಾ, ನಂಗ್ಯಾಕ ಬೇಕು ಇದೆಲ್ಲ" ಅಂದರು. ಏನು ಹೇಳಬೇಕು ತಿಳಿಯಲಿಲ್ಲ.

ವಿಶ್ವಸಂಸ್ಥೆಗೆ ಬರೆಯುವುದು ಅಪರಾಧವಾ? ಹೆಸರು ವಾಪಸ್ ತೆಗೆಯಬಹುದಾ? ಈ ಕಿರುಕುಳದ ಬಗ್ಗೆ ಯಾರಿಗೆ ಹೇಳಬೇಕು?

ಕೋಟೆಬಾಗಿಲು_ಬೀದರ್:

ತಮ್ಮಾ, ನನ್ನ ಮಾತು ಕೆಲವರಿಗೆ ಹಿಡಿಸದೆ ಇರಬಹುದು. ಆದರೂ ಹೇಳುತ್ತೇನೆ. ಮನೆ ಜಗಳವನ್ನು ಬೀದಿಗೆ ಒಯ್ದರೆ ಮನೆಯವರು ಸಿಟ್ಟಾಗುತ್ತಾರೆ. ನಮ್ಮಲ್ಲಿ ಜಿಲ್ಲಾಧಿಕಾರಿ ಇದ್ದಾರೆ, ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೂ ಹೋಗಬೇಕಿಲ್ಲ. ಅದನ್ನೆಲ್ಲ ಬಿಟ್ಟು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಇರುವ ಜಿನೀವಾಕ್ಕೆ ಬರೆದರೆ ದೇಶದ ಹೆಸರು ಕೆಡುತ್ತದೆ, ಕೆಲಸವೂ ಆಗುವುದಿಲ್ಲ. ಹಾಗಂತ ಗುಡಿಸುವ ಹೆಣ್ಣುಮಗಳ ಕೆಲಸ ಕಿತ್ತುಕೊಂಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪೇ.

ಕರಿಮಣ್ಣು:

ಬೀದರ್ ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅವರು ಇಲ್ಲಿನ ಬಾಗಿಲನ್ನೆಲ್ಲ ತಟ್ಟಿಯೇ ಹೋಗಿದ್ದಾರೆ, ಅದನ್ನು ಮೊದಲೇ ಬರೆದಿದ್ದಾರೆ ಅಲ್ವಾ. ಇನ್ನೊಂದು ಮಾತು. 1946ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕದ ಕಪ್ಪು ಜನರ ಹೋರಾಟಗಾರ ಡು ಬೋಯಿಸ್ ಅವರಿಗೆ ಒಂದು ಪತ್ರ ಬರೆದರು. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದು ತಿಳಿಯಿತು, ನಮ್ಮ ಜನವೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ, ಆ ಅರ್ಜಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. ಆಗ ವಿಶ್ವಸಂಸ್ಥೆ ಹುಟ್ಟಿ ವರ್ಷವೂ ತುಂಬಿರಲಿಲ್ಲ. ಹೊರಗೆ ಹೇಳಿಕೊಳ್ಳುವುದು ದೇಶದ್ರೋಹ ಅಂತ ಅವರಿಗೆ ಅನ್ನಿಸಿರಲಿಲ್ಲ.

ಈಗ ಪ್ರಶ್ನೆಗೆ ಬರೋಣ. ಬರೆಯುವುದು ಅಪರಾಧ ಅಲ್ಲವೇ ಅಲ್ಲ. 1998ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕು ಹೋರಾಟಗಾರರ ಬಗ್ಗೆ ಒಂದು ಘೋಷಣೆ ಒಪ್ಪಿಕೊಂಡಿತು. ಯಾವ ದೇಶವೂ ಅದಕ್ಕೆ ಬೇಡ ಅನ್ನಲಿಲ್ಲ, ಭಾರತವೂ ಅನ್ನಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳ ಜೊತೆ ಅಡೆತಡೆ ಇಲ್ಲದೆ ಮಾತಾಡುವ ಹಕ್ಕು ಎಲ್ಲರಿಗೂ ಇದೆ ಅಂತ ಅದರ 9ನೇ ವಿಧಿಯಲ್ಲಿ ಇದೆ. ನಮ್ಮದೇ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮಾನವ ಹಕ್ಕು ಅಂದರೇನು ಅಂತ ಹೇಳುವಾಗ ಅಂತರರಾಷ್ಟ್ರೀಯ ಒಪ್ಪಂದಗಳನ್ನೂ ಸೇರಿಸಿಕೊಂಡಿದೆ.

ಹೀಗೆ ಬರೆದವರ ಮೇಲೆ ಸೇಡು ತೀರಿಸಿಕೊಳ್ಳುವುದು ಎಷ್ಟು ಜಾಸ್ತಿ ಅಂದರೆ ಅದಕ್ಕೇ ಒಂದು ವ್ಯವಸ್ಥೆ ಮಾಡಿದ್ದಾರೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಪ್ರತಿ ವರ್ಷ ಇಂಥ ಪ್ರಕರಣಗಳ ವರದಿಯನ್ನು ಮಾನವ ಹಕ್ಕು ಮಂಡಳಿಗೆ ಕೊಡುತ್ತಾರೆ. 2016ರಿಂದ ಇದಕ್ಕೆ ಒಬ್ಬ ಹಿರಿಯ ಅಧಿಕಾರಿಯೂ ಇದ್ದಾರೆ. 2022ರ ವರದಿಯಲ್ಲಿ 42 ದೇಶಗಳಿದ್ದವು, ನಮ್ಮ ದೇಶವೂ ಇತ್ತು. ಚೀನಾದ ಮಾನವ ಹಕ್ಕು ಹೋರಾಟಗಾರ್ತಿ ಚಾವ್ ಶುನ್‌ಲಿ ಅವರದು ಎಲ್ಲರಿಗೂ ಗೊತ್ತಿರುವ ಪ್ರಕರಣ. 2013ರ ಸೆಪ್ಟೆಂಬರಿನಲ್ಲಿ ಜಿನೀವಾಕ್ಕೆ ಹೊರಟಿದ್ದವರನ್ನು ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಹಿಡಿದರು. ಮುಂದಿನ ಮಾರ್ಚ್‌ನಲ್ಲಿ ಆಕೆ ತೀರಿಕೊಂಡರು. ಮಂಡಳಿಯಲ್ಲಿ ಅವರಿಗಾಗಿ ಒಂದು ನಿಮಿಷ ಮೌನ ಆಚರಿಸಲಿಕ್ಕೂ ಚೀನಾ ಬಿಡಲಿಲ್ಲ. ನಮ್ಮಲ್ಲಿ ಕಾಶ್ಮೀರದ ಮಾನವ ಹಕ್ಕು ಹೋರಾಟಗಾರ ಖುರ್ರಮ್ ಪರ್ವೇಜ್ ಅವರನ್ನು 2016ರಲ್ಲಿ ಮಂಡಳಿಯ ಅಧಿವೇಶನಕ್ಕೆ ಹೊರಟಾಗ ದಿಲ್ಲಿಯಲ್ಲಿ ತಡೆದರು, ಆಮೇಲೆ ಬಂಧಿಸಿದರು. 2021ರಲ್ಲಿ ಎನ್‌ಐಎ ಮತ್ತೆ ಬಂಧಿಸಿತು. ಸರ್ಕಾರ ಅದನ್ನು ಭಯೋತ್ಪಾದನೆಯ ಪ್ರಕರಣ ಅನ್ನುತ್ತದೆ. ವಿಶ್ವಸಂಸ್ಥೆಯ ವರದಿಗಳಲ್ಲಿ ಅವರ ಹೆಸರು ಸೇಡಿನ ಪ್ರಕರಣಗಳ ಸಾಲಿನಲ್ಲಿ ಹಲವು ಸಲ ಬಂದಿದೆ.

ಬಂಧನ ಇಲ್ಲದೆ ಸುಮ್ನೆ ಕಾಯಿಸಿ ಸುಸ್ತು ಮಾಡುವುದೂ ಇದೆ. ದಲಿತರ ಹಕ್ಕುಗಳಿಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ದಲಿತ ಒಗ್ಗಟ್ಟು ಜಾಲ ವಿಶ್ವಸಂಸ್ಥೆಯ ಸಭೆಗಳಲ್ಲಿ ಭಾಗವಹಿಸಲು ಬೇಕಾದ ಮಾನ್ಯತೆ ಕೇಳಿತ್ತು. ಸಂಬಂಧಪಟ್ಟ ಸಮಿತಿಯಲ್ಲಿ ಭಾರತ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾ ಹೋಯಿತು. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು. ಸುಮಾರು 15 ವರ್ಷ ಹೀಗೇ ನಡೆದು 2022ರ ಡಿಸೆಂಬರಿನಲ್ಲಿ ಮಾನ್ಯತೆ ಸಿಕ್ಕಿತು. ಅವರು ಬಿಡಲಿಲ್ಲ. ನೀವೂ ಬಿಡಬೇಡಿ, ಹೆಸರು ತೆಗೆಸಬೇಡಿ, ಗಟ್ಟಿಯಾಗಿ ನಿಲ್ಲಿ ಅಂತಲೇ ನಾನು ಹೇಳುತ್ತೇನೆ.

ಶಹಾಪುರದಕ್ಕ:

ಕರಿಮಣ್ಣು ತಮ್ಮಾ, ಇಷ್ಟೆಲ್ಲ ತಿಳಿಸಿದ್ದು ಒಳ್ಳೆಯದಾಯಿತು. ಆದರೆ ಕೊನೇ ಮಾತು ನನಗೆ ಒಪ್ಪಿಗೆ ಇಲ್ಲ. ಗಟ್ಟಿಯಾಗಿ ನಿಲ್ಲಿ ಅಂತ ನಾವು ಹೇಳುವುದು ಯಾರಿಗೆ? ಅಂಗಡಿ ಅಕ್ಕನಿಗೆ. ಸಂಜೆ ಹಾಲಿನ ಪಾಕೀಟು ಮಾರಾಟ ಆಗದೆ ಉಳಿದರೆ ನಷ್ಟ ಆಕೆಯದು, ನಮ್ಮದಲ್ಲ. ನಾನು ಈ ಭಾಗದಲ್ಲಿ ಸಂಘಗಳ ಜೊತೆ ಬಹಳ ಕಾಲ ಕೆಲಸ ಮಾಡಿದವಳು. ದೊಡ್ಡವರ ಮೇಲೆ ಸೇಡು ಅಂದರೆ ಬಂಧನ, ಪಾಸ್‌ಪೋರ್ಟ್, ವಿಮಾನ ನಿಲ್ದಾಣ. ಅದು ಪೇಪರಿನಲ್ಲಿ ಬರುತ್ತದೆ. ನಮ್ಮ ಹೆಣ್ಣುಮಕ್ಕಳ ಮೇಲಿನ ಸೇಡು ಯಾವ ಪೇಪರಿನಲ್ಲೂ ಬರುವುದಿಲ್ಲ. ಹೊಲಕ್ಕೆ ಕೂಲಿಗೆ ಕರೆಯುವುದನ್ನು ನಿಲ್ಲಿಸುತ್ತಾರೆ. ತೊಗರಿ ರಾಶಿ ಟೈಮಿನಲ್ಲಿ ಎಲ್ಲರನ್ನೂ ಕರೆದು ಇವಳೊಬ್ಬಳನ್ನು ಬಿಡುತ್ತಾರೆ. ಸಂಘದ ಸಾಲದ ಕಂತು ಒಂದು ದಿನ ತಡವಾದರೆ ಮನೆ ಮುಂದೆ ಬಂದು ಕೂಗುತ್ತಾರೆ. ಗಂಡನ ಕಿವಿಯಲ್ಲಿ ಏನೇನೋ ಊದುತ್ತಾರೆ. ಇದರಲ್ಲಿ ಯಾವುದಕ್ಕೂ ಆ ಪತ್ರವೇ ಕಾರಣ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರು ತಿಂಗಳು ಆದಮೇಲೆ ಆಕೆಗೇ ಅನುಮಾನ ಶುರುವಾಗುತ್ತದೆ, ನನ್ನದೇ ಏನೋ ತಪ್ಪಿರಬೇಕು ಅಂತ.

ಅದಕ್ಕೇ ಹೇಳುತ್ತೇನೆ, ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ಏನಾಯಿತು, ಯಾವ ದಿನ, ಯಾರು, ಯಾವ ಮಾತು ಆಡಿದರು, ಪಕ್ಕದಲ್ಲಿ ಯಾರಿದ್ದರು, ಎಲ್ಲ ಬರೆಯಿರಿ. ಪತ್ರ ವೆಬ್‌ಸೈಟಿನಲ್ಲಿ ಬಂದ ತಾರೀಖನ್ನು ಮೊದಲ ಪುಟದಲ್ಲಿ ಬರೆಯಿರಿ. ಯಾವುದರ ಹಿಂದೆ ಯಾವುದು ಬಂತು ಅನ್ನುವುದು ಆ ತಾರೀಖುಗಳಿಂದಲೇ ಕಾಣಬೇಕು. "ನಾಳೆಯಿಂದ ಬರಬೇಡ" ಅಂದ ಮಾತು ಫೋನಿನಲ್ಲೋ ವಾಟ್ಸಾಪಿನಲ್ಲೋ ಇದ್ದರೆ ಅಳಿಸಬೇಡಿ, ಇನ್ನೊಬ್ಬರಿಗೂ ಕಳಿಸಿಡಿ.

ಹೆಸರಿನ ವಿಷಯ ಆ ಇಬ್ಬರದೇ ತೀರ್ಮಾನ. ಬೆಂಗಳೂರಿನವರದೂ ಅಲ್ಲ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬರೆಯುವಾಗ ಹೆಸರು ಹೊರಗೆ ಬರುತ್ತದೆ ಅಂತ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದರಾ?

ಭೀಮಾದಂಡೆ:

ಅಕ್ಕಾ, ಒಪ್ಪಿಗೆ ಕೇಳಿದ್ದರು, ಸಹಿಯೂ ಇದೆ. ಆದರೆ ವೆಬ್‌ಸೈಟಿನಲ್ಲಿ ಬರುತ್ತದೆ, ಯಾರು ಬೇಕಾದರೂ ಓದಬಹುದು ಅನ್ನುವುದು ಅಂಗಡಿ ಅಕ್ಕನಿಗೆ ತಿಳಿದಿರಲಿಲ್ಲ ಅನ್ನಿಸುತ್ತದೆ. ಗುಡಿಸುವ ಕೆಲಸದವರು ಮಾತ್ರ "ಇರಲಿ ಬಿಡ್ರಿ, ನೀರು ಕುಡದು ಸಾಯೋದಕ್ಕಿಂತ ಇದೇ ಚಲೋ" ಅಂತಾರೆ.

ಕೋರ್ಟ್‌ರಸ್ತೆ_ಕಲಬುರಗಿ:

ನಾನು ವಕೀಲೆ. ಒಂದೊಂದಾಗಿ ಹೇಳುತ್ತೇನೆ.

ಹೆಸರಿನದು ಮೊದಲು. ದೂರು ಕಳಿಸಿದವರು ಯಾರು ಅನ್ನುವುದನ್ನು ವಿಶೇಷ ವರದಿಗಾರರು ಸರ್ಕಾರಕ್ಕೆ ಹೇಳುವುದಿಲ್ಲ. ಆದರೆ ಅನ್ಯಾಯ ಆದವರ ಹೆಸರು ಪತ್ರದಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಸರ್ಕಾರ ಯಾರ ಬಗ್ಗೆ ಉತ್ತರ ಕೊಡಬೇಕು? ಸಾಮಾನ್ಯವಾಗಿ ಪತ್ರ 60 ದಿನ ಗುಟ್ಟಾಗಿರುತ್ತದೆ, ಆಮೇಲೆ ಪ್ರಕಟವಾಗುತ್ತದೆ. ಹೆಸರನ್ನು ಸರ್ಕಾರಕ್ಕೆ ತಿಳಿಸಬಹುದಾ, ಸಾರ್ವಜನಿಕ ವರದಿಯಲ್ಲಿ ಹಾಕಬಹುದಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಜನ ಇದನ್ನು ಓದದೆ ಹೌದು ಅಂದುಬಿಡುತ್ತಾರೆ. ಈಗ ಅಂಗಡಿ ಅಕ್ಕನಿಗೆ ನಿಜವಾಗಿ ಬೇಡವಾಗಿದ್ದರೆ, ಹೆಸರು ಮುಚ್ಚಿ ಅಂತ ಕೋರಿ ವಿಶೇಷ ವರದಿಗಾರರಿಗೆ ಬರೆಯಬಹುದು. ಊರಿನವರು ಆಗಲೇ ಓದಿಯಾಗಿದೆ, ಆದ್ದರಿಂದ ಅದರಿಂದಲೇ ಅಂಗಡಿ ವ್ಯಾಪಾರ ಸರಿಹೋಗುತ್ತದೆ ಅಂತ ಆಕೆಗೆ ಭರವಸೆ ಕೊಡಬೇಡಿ. ಕಿರುಕುಳದ ವಿಷಯ ಮಾತ್ರ ತಡಮಾಡದೆ ಅವರಿಗೆ ತಿಳಿಸಿ. ಪ್ರಧಾನ ಕಾರ್ಯದರ್ಶಿಯವರ ವರದಿಯಲ್ಲಿ ಹೆಸರು ಹಾಕದೆಯೂ ಪ್ರಕರಣ ಸೇರಿಸುತ್ತಾರೆ. ಸಂಬಂಧಪಟ್ಟವರು ಒಪ್ಪದೆ ಹಾಕುವುದಿಲ್ಲ.

ಠಾಣೆಯದು. ಬಾಯಿಮಾತಿಗೆ ಹೋಗಬೇಕಾಗಿಲ್ಲ. ಸಾಕ್ಷಿಯಾಗಿ ವಿಚಾರಿಸುವುದಿದ್ದರೆ ಲಿಖಿತವಾಗಿ ಕರೆಯಬೇಕು. ಹೆಂಗಸರನ್ನಾದರೆ ಅವರು ಇರುವ ಜಾಗಕ್ಕೇ ಬಂದು ವಿಚಾರಿಸಬೇಕು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ, ಹಳೆಯ ಕಾನೂನಿನಲ್ಲೂ ಹಾಗೇ ಇತ್ತು. ನೋಟಿಸ್ ಕೊಡಿ, ಮನೆಯಲ್ಲೇ ಉತ್ತರ ಕೊಡುತ್ತೇವೆ ಅಂತ ಮರ್ಯಾದೆಯಿಂದ ಹೇಳಿ. ಜಗಳ ಬೇಡ.

ವಿದೇಶಿ ದುಡ್ಡಿನ ಪ್ರಶ್ನೆಗೆ ಹೆದರಬೇಡಿ. ಎಫ್‌ಸಿಆರ್‌ಎ ಅನ್ನುವ ಕಾನೂನು ಇರುವುದು ವಿದೇಶದಿಂದ ದೇಣಿಗೆ ಪಡೆಯುವವರಿಗೆ. ಪತ್ರ ಬರೆದರೆ ಅದು ದೇಣಿಗೆ ಆಗುವುದಿಲ್ಲ. ಆದರೆ 2020ರ ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಬೆಂಗಳೂರಿನವರಿಂದ ಸಂಘದ ಖಾತೆಗೆ ಏನಾದರೂ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಇಟ್ಟುಕೊಳ್ಳಿ, ಅಷ್ಟೇ ಸಾಕು.

ಆ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾ? ಆಗಿದ್ದು, ಹೀಗೆ ಹೇಳಿಸಿದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ, ಅಂಗಡಿಗೆ ಹೋಗಬೇಡಿ ಅಂತ ಹೇಳಿಸುವುದು ಆರ್ಥಿಕ ಬಹಿಷ್ಕಾರ. ದೌರ್ಜನ್ಯ ತಡೆ ಕಾಯ್ದೆಯಲ್ಲಿ 2015ರ ತಿದ್ದುಪಡಿಯಿಂದ ಅದೇ ಒಂದು ಅಪರಾಧ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ.

ಮಾನವ ಹಕ್ಕು ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು, ಶುಲ್ಕ ಇಲ್ಲ, ಘಟನೆಯಾದ ಒಂದು ವರ್ಷದ ಒಳಗೆ ಬರೆಯಬೇಕು. ರಾಜ್ಯ ಆಯೋಗದಲ್ಲಿ ಹಾಕಿ ಅದು ಅಲ್ಲಿ ಇರುವಾಗ ರಾಷ್ಟ್ರೀಯ ಆಯೋಗ ಅದೇ ವಿಷಯ ತಗೊಳ್ಳುವುದಿಲ್ಲ, ಆದ್ದರಿಂದ ಎರಡೂ ಕಡೆ ಹಾಕಬೇಡಿ. ರಾಷ್ಟ್ರೀಯ ಆಯೋಗದಲ್ಲಿ ಹೋರಾಟಗಾರರ ಪ್ರಕರಣಗಳಿಗೇ ಒಂದು ವಿಭಾಗ ಇರುವುದರಿಂದ ನಾನಾಗಿದ್ದರೆ ಅಲ್ಲಿಗೇ ಬರೆಯುತ್ತಿದ್ದೆ.

ಕೋಟೆಬಾಗಿಲು_ಬೀದರ್:

ಹೊರಗೆ ಬರೆಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಮ್ಮ ಕಾನೂನಿನಲ್ಲೇ ಇಷ್ಟೆಲ್ಲ ಇರುವಾಗ ಆ ಹೆಣ್ಣುಮಕ್ಕಳು ಒಬ್ಬರೇ ಹೆದರಿ ಕೂರಬಾರದು. ವಕೀಲರ ಫೀ ಯಾರು ಕೊಡುತ್ತಾರೆ? ಸಂಘದ ಹತ್ತಿರ ದುಡ್ಡು ಇದೆಯಾ? ಇಲ್ಲದಿದ್ದರೆ ಹೇಳಿ, ನಾನೂ ಸ್ವಲ್ಪ ಕೊಡುತ್ತೇನೆ.

ಕೋರ್ಟ್‌ರಸ್ತೆ_ಕಲಬುರಗಿ:

ಅಣ್ಣಾ, ಫೀ ಬೇಡ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಯಾದಗಿರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ, ಅಥವಾ 15100ಕ್ಕೆ ಫೋನ್ ಮಾಡಲಿ. ಭೀಮಾದಂಡೆಯವರೇ, ಸೋಮವಾರದ ಒಳಗೆ ಇಬ್ಬರನ್ನೂ ಕರೆದುಕೊಂಡು ಹೋಗಿ. ಇಬ್ಬರ ಅರ್ಜಿ ಬೇರೆ ಬೇರೆ ಬರೆಸಿ. ಒಬ್ಬರು ಹಿಂದೆ ಸರಿಯಬೇಕು ಅಂದುಕೊಂಡಿದ್ದಾರೆ, ಇನ್ನೊಬ್ಬರು ಮುಂದೆ ಹೋಗಬೇಕು ಅಂದುಕೊಂಡಿದ್ದಾರೆ, ಒಂದೇ ಅರ್ಜಿಯಲ್ಲಿ ಇಬ್ಬರನ್ನೂ ಕಟ್ಟಿಹಾಕಬೇಡಿ. ಕೆಲಸ ಹೋದ ಅಕ್ಕನ ಹತ್ತಿರ ಪಿಎಫ್ ನಂಬರ್, ಹಾಜರಿ ಚೀಟಿ, ಗೇಟ್ ಪಾಸ್ ಏನೇ ಇದ್ದರೂ ತರಲಿ, ಗುತ್ತಿಗೆದಾರ ನಾಳೆ ಈಕೆ ನನ್ನ ಹತ್ತಿರ ಕೆಲಸಕ್ಕೇ ಇರಲಿಲ್ಲ ಅಂತ ಹೇಳುತ್ತಾನೆ.