1/72 ಹರಿಕೇನ್ ಮಾಡೆಲ್ ವಿಮಾನ: ಬಿಸಿಲಿಗೆ ಬಣ್ಣ ಮರಳಾಗಾಕತ್ತೈತಿ, ರೌಂಡಲ್ ಬಗ್ಗೆನೂ ಒಂದು ಡೌಟ್

ಗುಡ್ಡದ_ಕೆಳಗ (ಬಳ್ಳಾರಿ):
ಎಲ್ಲರಿಗೂ ನಮಸ್ಕಾರ್ರಿ. 1/72 ಸ್ಕೇಲಿನ (ಅಸಲಿಗಿಂತ 72 ಪಟ್ಟು ಸಣ್ಣದು) ಹಾಕರ್ ಹರಿಕೇನ್ ಟು-ಸಿ ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ಮಾಡಾಕತ್ತೀನಿ. 1944ರಾಗ ಇಂಫಾಲದಾಗ ಅರ್ಜನ್ ಸಿಂಗ್ ಅವರ ಕಮಾಂಡಿನಾಗಿದ್ದ ಭಾರತೀಯ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್ ವಿಮಾನ ಮಾಡಬೇಕು ಅಂತ ಬಾಳ ದಿನದ ಆಸೆ. ಕಾಕ್‌ಪಿಟ್‌ಗೆ ಬಣ್ಣ ಹಚ್ಚಿ ಎರಡೂ ಹೋಳು ಕೂಡಿಸಿ ರೆಕ್ಕಿನೂ ಅಂಟಿಸೀನಿ, ಅಲ್ಲೀತನಕ ಚಲೋ ಆತು. ನಿನ್ನೆ ಮಧ್ಯಾಹ್ನ ಮಾಳಿಗಿ ಮ್ಯಾಲಿನ ತಗಡಿನ ಶೆಡ್‌ನಾಗ ಏರ್‌ಬ್ರಶ್‌ಲೆ (ಗಾಳಿ ಒತ್ತಡದಿಂದ ಬಣ್ಣ ಚಿಮ್ಮಿಸೋ ಪೆನ್ನು) ಅಕ್ರಿಲಿಕ್ ಕಂದು ಬಣ್ಣ ಹೊಡದೆ, ಈಗ ಮುಟ್ಟಿದ್ರ ಮರಳು ಮುಟ್ಟಿದಂಗ ಆಗ್ತೈತಿ, ಮ್ಯಾಲೆ ಅದಿರು ಲಾರಿ ಕೆಂಪು ಧೂಳು ಬ್ಯಾರೆ ಕುಂತೈತಿ. ಎಲ್ಲಾ ತೆಗೆದು ಮೊದಲಿಂದ ಮಾಡ್ಲ್ಯಾ? ಮತ್ತ ಡೆಕಾಲ್ (ನೀರಾಗ ನೆನೆಸಿ ಅಂಟಿಸೋ ಗುರುತು) ಶೀಟ್‌ನಾಗ ನಡುವ ಕೆಂಪು ಇರೋ ರೌಂಡಲ್, ಅಂದ್ರ ವಾಯುಪಡೆಯ ದುಂಡನೆ ಗುರುತು, ಐತಿ, ಬರೇ ನೀಲಿದೂ ಐತಿ, ಯಾವುದು ಹಚ್ಚಬೇಕ್ರಿ?

ಕೃಷ್ಣಾ_ದಂಡಿ (ರಾಯಚೂರು):
ಪೂರಾ ತೆಗಿಬ್ಯಾಡ್ರಿ ಅಣ್ಣಾರ. ಬಣ್ಣ ಕೆಟ್ಟಿಲ್ಲ, ಏರ್‌ಬ್ರಶ್‌ನಿಂದ ಹೊರಗ ಬಂದ ಹನಿ ಪ್ಲಾಸ್ಟಿಕ್ ಮುಟ್ಟೋದ್ರಾಗ ಗಾಳ್ಯಾಗೇ ಒಣಗಿ ಪುಡಿಯಾಗಿ ಕೂತದ ಅಷ್ಟ. ನಮ್ಮ ಕಡೆ ಏಪ್ರಿಲ್‌ನಾಗ 40 ದಾಟಿದಾಗ ನನಗೂ ಹಿಂಗೇ ಆಗ್ಯಾದ. 2000 ನಂಬರ್ ವಾಟರ್ ಪೇಪರ್ ನೀರಾಗ ಅದ್ದಿ ಹಗೂರಕ ತಿಕ್ಕ್ರಿ, ಧೂಳೂ ಅದ್ರ ಜೋಡಿ ಹೋಗ್ತದ. ಆಮೇಲೆ ಬಣ್ಣ ಇನ್ನೂ ತೆಳ್ಳಗ ಮಾಡ್ರಿ, ಬಣ್ಣ ತಡವಾಗಿ ಒಣಗಿಸೋ ರಿಟಾರ್ಡರ್ ಒಂದೆರಡು ಹನಿ ಹಾಕ್ರಿ, ಗಾಳಿ ಪ್ರೆಶರ್ ಇಳಿಸಿ ಇನ್ನೂ ಹತ್ರದಿಂದ ಹೊಡೀರಿ. ಮುಖ್ಯ ಅಂದ್ರ ಮುಂಜಾನೆ ಆರಕ್ಕ ಕೂಡ್ರಿ, ತಗಡಿನ ಶೆಡ್ ಬ್ಯಾಡೇ ಬ್ಯಾಡ, ಮನಿ ಒಳಗ ನೆಲಕ್ಕ ನೀರು ಚಿಮುಕಿಸಿ ಶುರು ಮಾಡ್ರಿ, ಮುಗಿದ ಮೇಲೆ ದೊಡ್ಡ ಡಬ್ಬಿ ಬೋರಲು ಹಾಕಿ ಮುಚ್ಚಿಬಿಡ್ರಿ.

ಕಿಟ್_ಹುಚ್ಚ (ಕೊಪ್ಪಳ):
ರೌಂಡಲ್ ನೀಲಿದೇ ಹಚ್ಚ್ರಿ, ಇದರಾಗ ಡೌಟೇ ಬ್ಯಾಡ. ಜಪಾನಿನ ವಿಮಾನಕ್ಕ ಕೆಂಪು ಉಂಡಿ ಗುರುತು ಇತ್ತು, ದೂರದಿಂದ ನಡುವ ಕೆಂಪು ಕಂಡ್ರ ನಮ್ಮವರೇ ನಮ್ಮವರ ಮ್ಯಾಲೆ ಗುಂಡು ಹಾರಿಸೋ ಭಯ, ಅದಕ್ಕ ಬರ್ಮಾ ಕಡೆ ರೌಂಡಲ್‌ನಾಗಿನ ಕೆಂಪು ತೆಗೆದು ಗಾಢ ನೀಲಿ, ತಿಳಿ ನೀಲಿ ಮಾಡಿದ್ರು. ಕೆಂಪು ಹಚ್ಚಿದ್ರ ಅದು ಇಂಫಾಲದ ವಿಮಾನ ಆಗೂದೇ ಇಲ್ಲ.

ಇನ್ನೊಂದು ಮಾತು, ವಾಟರ್ ಪೇಪರ್ ಹಿಡಿಯೋಕಿಂತ ಮೊದಲು ಓದ್ರಿ. ಹರಿಕೇನ್‌ಗೆ ಕಾಕ್‌ಪಿಟ್ ಹಿಂದಿನ ಮೈ ತಗಡಲ್ಲ, ಕಟ್ಟಿಗಿ ಪಟ್ಟಿ ಮ್ಯಾಲೆ ಎಳೆದು ಕಟ್ಟಿದ ಬಟ್ಟಿ. ಕಿಟ್‌ನಾಗ ಉದ್ದಕ್ಕ ಸಣ್ಣ ದಿಂಡು ಕಾಣ್ತಾವಲ್ಲ, ಅವು ಆ ಪಟ್ಟಿ, ಅವನ್ನ ತಿಕ್ಕಿ ಸಾಪಾಟ ಮಾಡಬ್ಯಾಡ್ರಿ. ಬಣ್ಣ ಎದ್ದಂಗ ಬೆಳ್ಳಿ ಚುಕ್ಕಿ ಹಚ್ಚೋರು ಬಾಳ ಮಂದಿ ಅಲ್ಲೂ ಹಚ್ಚತಾರ, ನೋಡಿದ್ರ ಹೊಟ್ಟಿ ಉರೀತೈತಿ, ಬಟ್ಟಿ ಒಳಗಿಂದ ಅಲ್ಯೂಮಿನಿಯಂ ಎಲ್ಲಿಂದ ಬರ್ಬೇಕು! ಎಂಜಿನ್ ಮುಚ್ಚಳ, ರೆಕ್ಕಿ ಬುಡ, ಪೈಲಟ್ ಕಾಲಿಡೋ ಜಾಗ, ಅಷ್ಟಕ್ಕ ನಿಲ್ಲಿಸ್ರಿ.

ಗುಡ್ಡದ_ಕೆಳಗ (ಬಳ್ಳಾರಿ):
ಅಯ್ಯೋ, ಪುಟ್ಟಿ ತಿಕ್ಕುವಾಗ ಬೆನ್ನಿನ ಮ್ಯಾಲಿನ ಎರಡು ದಿಂಡು ಆಗ್ಲೇ ಹೋಗ್ಯಾವ್ರಿ. ಏನರ ದಾರಿ ಐತಾ?

ಕಿಟ್_ಹುಚ್ಚ (ಕೊಪ್ಪಳ):
ಐತ್ರಿ. ದಿಂಡು ಇದ್ದ ಜಾಗದಾಗ ಕೂದಲೆಳಿಯಷ್ಟು ಸಂದಿ ಬಿಟ್ಟು ಆಕಡೆ ಈಕಡೆ ಮಾಸ್ಕಿಂಗ್ ಟೇಪ್ ಹಚ್ಚ್ರಿ, ಸಂದಿ ಮ್ಯಾಲೆ ಪ್ರೈಮರ್ ಮೂರ್ನಾಲ್ಕು ಸಲ ಹೊಡೀರಿ. ಟೇಪ್ ಕಿತ್ತಾಗ ಸಣ್ಣ ಏಣು ಉಳೀತೈತಿ, ಅದರ ಚೂಪು ಮುರಿಯೋವಷ್ಟು ತಿಕ್ಕಿದ್ರ ಸಾಕು. ಮೂಗಿನ ಕೆಳಗ ಗದ್ದದಂಗ ಕೂಡೋ ವೋಕ್ಸ್ ಫಿಲ್ಟರ್ ಹಚ್ಚೀರೇನು? ಎಂಜಿನ್ನಿಗೆ ಹೋಗೋ ಗಾಳ್ಯಾಗಿನ ಧೂಳು ಸೋಸೋದದು, ಬರ್ಮಾ ಹರಿಕೇನ್ ಫೋಟೋದಾಗ ಬಾಳ ಕಡೆ ಕಾಣ್ತೈತಿ.

ಕೃಷ್ಣಾ_ದಂಡಿ (ರಾಯಚೂರು):
ಡೆಕಾಲ್ ಹಚ್ಚೋ ಮೊದಲು ಹೊಳಪಿನ (ಗ್ಲಾಸಿ) ವಾರ್ನಿಶ್ ಮರೀಬ್ಯಾಡ್ರಿ, ಒರಟು ಮೈ ಮ್ಯಾಲೆ ಹಚ್ಚಿದ್ರ ಕೆಳಗ ಗಾಳಿ ಕೂತು ಬೆಳ್ಳಗ ಹೊಳೀತದ. ಕಾಕ್‌ಪಿಟ್ ಗಾಜಿಗೆ ಸೂಪರ್ ಗ್ಲೂ ಬ್ಯಾಡ, ಅದರ ಹೊಗಿಗೆ ಮಂಜಾಗ್ತದ. ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದಿಲ್ಲ.

ಗುಡ್ಡದ_ಕೆಳಗ (ಬಳ್ಳಾರಿ):
ಇಬ್ಬರಿಗೂ ದೊಡ್ಡ ಥ್ಯಾಂಕ್ಸ್‌ರಿ. ವೋಕ್ಸ್ ತುಂಡು ಚಂದ ಕಾಣಲ್ಲ ಅಂತ ಫ್ರೇಮಿನಾಗೇ ಬಿಟ್ಟಿದ್ದೆ, ಈಗ ಹುಡುಕಿ ತಗದೀನಿ. ಸಾದಾ ಮೂಗು ಇನ್ನೂ ಅಂಟಿಸಿಲ್ಲ, ಪುಣ್ಯಕ್ಕ. ನಾಳೆ ಆರಕ್ಕ ಕೂಡ್ತೀನಿ, ದಿಂಡು ಎದ್ದ ಮ್ಯಾಲೆ ಫೋಟೋ ಹಾಕ್ತೀನಿ.