'ಕ್ಲಚ್ ಹಿಡೀತಿಲ್ಲ' ಅಂದರೆ ನಿಮ್ಮ ಕಡೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ನಮ್ಮದು ತಿಪಟೂರು ಕಡೆ. ತೋಟದಿಂದ ತೆಂಗಿನಕಾಯಿ ಸಾಗಿಸಲು ಒಂದು ಹಳೇ ಪಿಕಪ್ ಇದೆ. ಹೋದ ವಾರ ಲೋಡ್ ತುಂಬಿ ಹೊರಡುವಾಗ ಗೇರೇ ಬೀಳಲಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಫಸ್ಟ್ ಗೇರ್ ಗರಗರ ಅಂದಿತು. ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿ 'ಕ್ಲಚ್ ಹಿಡೀತಿಲ್ಲ' ಅಂದೆ. ಅವರು ಹೊಸ ಕ್ಲಚ್ ಪ್ಲೇಟ್ ತೆಗೆದುಕೊಂಡೇ ಬಂದರು. ಪೆಡಲ್ ಒಮ್ಮೆ ಒತ್ತಿ ನೋಡಿ, 'ಇದು ಹಿಡೀತಿಲ್ಲ ಅಲ್ಲ ಸರ್, ಬಿಡ್ತಿಲ್ಲ' ಅಂದರು.

ಆಗಿಂದ ಈ ಎರಡು ಮಾತು ತಲೆಯಲ್ಲೇ ಉಳಿದಿವೆ.

ನಾನು ಹಾಗೆ ಹೇಳಿದ್ದು ಬ್ರೇಕಿನ ಲೆಕ್ಕದಲ್ಲಿ. 'ಬ್ರೇಕ್ ಹಿಡೀತಿಲ್ಲ' ಅಂದರೆ ಕಾಲಲ್ಲಿ ಒತ್ತಿದೆ, ಕೆಲಸ ಆಗಲಿಲ್ಲ ಅಂತ. ಬ್ರೇಕ್ ಒತ್ತಿದರೆ ಒಳಗೂ ಅದು ಹಿಡಿಯುತ್ತದೆ. ಕ್ಲಚ್ಚಿನಲ್ಲಿ ಹಾಗಲ್ಲ. ನಾವು 'ಕ್ಲಚ್ ಹಿಡಿದು ಗೇರ್ ಹಾಕು' ಅನ್ನುತ್ತೇವೆ, ಆದರೆ ನಾವು ಹಿಡಿದಾಗಲೇ, ಅಂದರೆ ಪೆಡಲ್ ಒತ್ತಿದಾಗಲೇ, ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಒಳಗಿನ ಪ್ಲೇಟ್ ಬಿಡುವುದು. ನಾವು ಬಿಟ್ಟಾಗ ಅದು ಹಿಡಿಯುತ್ತದೆ. ಡ್ರೈವರ್ ಕಾಲಿನ ಮಾತು ಆಡುತ್ತಾನೆ, ಮೆಕ್ಯಾನಿಕ್ ಪ್ಲೇಟಿನ ಮಾತು ಆಡುತ್ತಾನೆ. ಕ್ರಿಯಾಪದ ಒಂದೇ, ಅರ್ಥ ತಿರುಗಾಮುರುಗಾ.

ಇದು ಸುಮ್ನೆ ಮಾತಿನ ವಿಷಯ ಅಲ್ಲ. ಪ್ಲೇಟ್ ಹಿಡಿಯದಿದ್ದರೆ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆಗ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಬೇಕು, ಖರ್ಚು ಜಾಸ್ತಿ. ಬಿಡದಿದ್ದರೆ ಗೇರ್ ಬೀಳುವುದಿಲ್ಲ, ಪೆಡಲ್ ಒತ್ತಿಕೊಂಡಿದ್ದರೂ ಗಾಡಿ ಮೆಲ್ಲಗೆ ಮುಂದೆ ಸರಿಯುತ್ತದೆ. ನಮ್ಮದರಂಥ ಹೈಡ್ರಾಲಿಕ್ ಕ್ಲಚ್ಚಿನಲ್ಲಿ (ಕಾಲಿನ ಒತ್ತಡವನ್ನು ಲೈನ್ ಅನ್ನುವ ಕೊಳವೆಯೊಳಗಿನ ದ್ರವ ಸಾಗಿಸುವಂಥದ್ದು) ಆಗ ಮೊದಲು ನೋಡಬೇಕಾದ್ದು ಪ್ಲೇಟನ್ನಲ್ಲ. ನಾಲ್ಕೈದು ಸಲ ಪೆಡಲ್ ಪಂಪ್ ಮಾಡಿದ ಮೇಲೆ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಹಿಡಿದಿರಬಹುದು. (ಇಲ್ಲೂ 'ಹಿಡಿ'ಯೇ ಬಂತು ನೋಡಿ! ತುಕ್ಕು ಹಿಡಿದ ಹಾಗೆ.) ಒತ್ತಿಟ್ಟ ಪೆಡಲ್ ತಾನಾಗಿ ಕೆಳಗಿಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಪೆಡಲ್ ಒತ್ತಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿರುವ ಸಾಧ್ಯತೆ ಹೆಚ್ಚು. ನಮ್ಮದರಲ್ಲಿ ಆ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ (ಹೊರಗಿನ ರಬ್ಬರ್ ಕವಚ) ಒದ್ದೆಯಾಗಿತ್ತು, ಅಂದರೆ ಅಲ್ಲಿ ದ್ರವ ಸೋರುತ್ತಿತ್ತು. ಅದರ ರಬ್ಬರ್ ಕಿಟ್ ಬದಲಾಯಿಸಿ, ಲೈನಿನ ಗಾಳಿ ತೆಗೆದ ಮೇಲೆ ಸರಿಹೋಯಿತು. ತಂದಿದ್ದ ಹೊಸ ಪ್ಲೇಟ್ ವಾಪಸ್ ಹೋಯಿತು.

ಇನ್ನೊಂದು ಪದದ ಬಗ್ಗೆಯೂ ನನಗೆ ಚಿಂತೆ ಇದೆ. ಈ ಸಿಲಿಂಡರಿಗೆ ಹಾಕುವ ದ್ರವವನ್ನು ನಾವೆಲ್ಲ 'ಬ್ರೇಕ್ ಆಯಿಲ್' ಅನ್ನುತ್ತೇವೆ. ಡಾಟ್ 3, ಡಾಟ್ 4 ಅಂತ ಡಬ್ಬಿಯ ಮೇಲೆ ಇರುತ್ತದಲ್ವಾ, ಅದು. ಅದು ಎಣ್ಣೆಯೇ ಅಲ್ಲ, ಗಾಳಿಯ ತೇವ ಹೀರುವ ಬೇರೆ ದ್ರವ. ಆದರೆ 'ಆಯಿಲ್' ಅನ್ನುವ ಮಾತು ನಂಬಿ ಯಾರಾದರೂ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಹೊಸಬರಿಗೆ ಕಲಿಸುವಾಗ 'ಬ್ರೇಕ್ ದ್ರವ' ಅಂದರೆ ಕೃತಕ ಅನಿಸುತ್ತದೆ, 'ಫ್ಲೂಯಿಡ್' ಅಂದರೆ ಎಲ್ಲರ ಬಾಯಲ್ಲಿ ಹೊರಳುವುದಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಊರಿನ ಗ್ಯಾರೇಜುಗಳಲ್ಲಿ 'ಹಿಡೀತಿಲ್ಲ', 'ಬಿಡ್ತಿಲ್ಲ' ಅನ್ನುವುದು ಪ್ಲೇಟಿನ ಕಡೆಯಿಂದಲೇ ಹೇಳುವ ಮಾತಾ? ಪ್ಲೇಟ್ ಹಿಡಿಯದಿದ್ದಾಗ 'ಸ್ಲಿಪ್ ಆಗ್ತಿದೆ' ಅನ್ನುವುದು ಬಂದಿರುವುದು ಈ ಗೊಂದಲ ತಪ್ಪಿಸಲಿಕ್ಕಾ? ಬಿಡದಿರುವುದಕ್ಕೆ ಅಂಥದ್ದೇ ಒಂದು ಖಚಿತವಾದ ಮಾತು ಮಂಗಳೂರು ಕಡೆ, ಹುಬ್ಬಳ್ಳಿ ಕಡೆ ಇದೆಯಾ? ಟ್ರ್ಯಾಕ್ಟರ್ ಓಡಿಸುವವರು ಏನನ್ನುತ್ತಾರೆ ಅನ್ನುವುದೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.