ಜೂಡೊ: ಹಿಂದಕ್ಕೆ ಬೀಳುವಾಗ ಕೈ ತಾನಾಗಿಯೇ ನೆಲಕ್ಕೆ ಹೋಗುತ್ತದೆ, ಈ ಅಭ್ಯಾಸ ಬಿಡಿಸುವುದು ಹೇಗೆ?

ಬಿಳಿ ಪಟ್ಟಿ, ಕಾರವಾರ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. 9 ವರ್ಷದ ಮಗಳನ್ನು ಜೂಡೊ ತರಗತಿಗೆ ಬಿಡಲು ಹೋಗುತ್ತಿದ್ದವಳು, ಒಂದು ಗಂಟೆ ಗೋಡೆಗೆ ಒರಗಿ ಮೊಬೈಲ್ ನೋಡುವ ಬದಲು ನಾನೂ ಕಲಿಯೋಣವೆಂದು ಸೇರಿಕೊಂಡೆ. ಮೂರು ವಾರಗಳಾದವು. ಎದುರಾಳಿಯನ್ನು ಎಸೆಯುವ ಒಂದು ಪಟ್ಟನ್ನೂ ಇನ್ನೂ ಹೇಳಿಕೊಟ್ಟಿಲ್ಲ. ಬೀಳುವುದನ್ನೇ, ಅಂದರೆ ಉಕೆಮಿಯನ್ನೇ, ಮಾಡಿಸುತ್ತಿದ್ದಾರೆ. ಮಗಳು ಮೂರನೆಯ ದಿನಕ್ಕೇ ಚೆಂಡಿನಂತೆ ಉರುಳತೊಡಗಿದಳು. ನಾನು ಕುಕ್ಕರಗಾಲಿನಲ್ಲಿ ಕೂತು ಹಿಂದಕ್ಕೆ ಬೀಳುವಾಗ ಹೇಗೋ ಸಂಭಾಳಿಸುತ್ತೇನೆ. ಆದರೆ ನಿಂತು ಬೀಳುವಾಗ, ಎಷ್ಟು ನೆನಪಿಟ್ಟುಕೊಂಡರೂ ಬಲಗೈ ಬೆನ್ನ ಹಿಂದೆ ಹೋಗಿ ಅಂಗೈ ನೆಲಕ್ಕೆ ಊರಿಬಿಡುತ್ತದೆ, ತಲೆಯ ಹಿಂಭಾಗವೂ ಒಮ್ಮೊಮ್ಮೆ ಮ್ಯಾಟಿಗೆ ತಾಗುತ್ತದೆ. ಕಳೆದ ಮಂಗಳವಾರ ಹಾಗೆ ಬಿದ್ದ ಮೇಲೆ ಮಣಿಕಟ್ಟು ಹೆಬ್ಬೆರಳಿನ ಕಡೆ ನೋಯುತ್ತಿದೆ. ಬಾವು ಅಷ್ಟಾಗಿ ಇಲ್ಲ, ಎಣ್ಣೆ ತಿಕ್ಕಿಕೊಂಡಿದ್ದೇನೆ. ಮ್ಯಾಟು ಸಿಗುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ಬೆಳಿಗ್ಗೆ ಟಾಗೋರ್ ಕಡಲತೀರದ ಮರಳಿನ ಮೇಲೆ ಅಭ್ಯಾಸ ಮಾಡಬಹುದೇ? ಕೈಯನ್ನು ಹತೋಟಿಗೆ ತರಲು ಏನು ಮಾಡಬೇಕು?

ನಿವೃತ್ತ ಮಾಸ್ತರು, ಶಿರಸಿ

ತಂಗೀ, ನಿಮ್ಮ ಕೈಯದು ತಪ್ಪಲ್ಲ. ನಡೆಯಲು ಕಲಿತ ದಿನದಿಂದ ಅದು ಮಾಡಿಕೊಂಡು ಬಂದ ಕೆಲಸವನ್ನೇ ಮಾಡುತ್ತಿದೆ. ಮಳೆಗಾಲದಲ್ಲಿ ನಮ್ಮ ಕಡೆಯ ಅಂಗಳಕ್ಕೆ ಹಾವಸೆ ಹಿಡಿಯುತ್ತದೆಂದು ಅಡಿಕೆ ದಬ್ಬೆ ಹಾಸುತ್ತೇವೆ. ಆ ದಬ್ಬೆ ತಪ್ಪಿ ಕಾಲಿಟ್ಟು ಜಾರಿದವರೆಲ್ಲ ಮೊದಲು ಊರುವುದು ಅಂಗೈಯನ್ನೇ. ಆದ್ದರಿಂದ ಕೈಗೆ 'ಹಿಂದೆ ಹೋಗಬೇಡ' ಎಂದು ಹೇಳಿ ಉಪಯೋಗವಿಲ್ಲ, ಅದಕ್ಕೆ ಬೇರೆ ಕೆಲಸ ಕೊಡಬೇಕು. ಜೂಡೊದಲ್ಲಿ ಬೀಳುವಾಗ ನೆಲಕ್ಕೆ ಬಡಿಯುವ ಕ್ರಮ ಇರುವುದು ಮುಖ್ಯವಾಗಿ ಇದಕ್ಕೇ ಎಂಬುದು ನನ್ನ ಅಭಿಪ್ರಾಯ. ಬಡಿತದಿಂದ ಪೆಟ್ಟು ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ ಎಂಬುದೂ ನಿಜವೇ, ಆದರೆ ಬಡಿಯಲು ಹೊರಟ ಕೈಗೆ ಊರಲು ಪುರಸೊತ್ತು ಇರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಲಾಭ.

ನೀವು ನಿಂತು ಬೀಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ಮ್ಯಾಟಿನ ಮೇಲೆ ಮಲಗಿಯೇ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಿಡಿದು, ಅಲ್ಲಿಂದ ಎರಡೂ ಬದಿಗೆ ಬಡಿಯುವುದನ್ನು ರೂಢಿಸಿಕೊಳ್ಳಿ. ತೋಳು ಮೈಯಿಂದ ಸುಮಾರು 30ರಿಂದ 45 ಡಿಗ್ರಿ ದೂರದಲ್ಲಿರಲಿ: ಹೆಚ್ಚು ದೂರ ಹೋದರೆ ಭಾರ ಭುಜದ ಕೀಲಿಗೆ ಬೀಳುತ್ತದೆ, ತೀರ ಹತ್ತಿರವಾದರೆ ಕೈ ಮೈಯಡಿಗೆ ಸಿಕ್ಕಿಕೊಳ್ಳುತ್ತದೆ. ಅಂಗೈ ಮಾತ್ರವಲ್ಲದೆ ಮುಂಗೈ ಪೂರ್ತಿ ಒಂದೇ ಸಲಕ್ಕೆ ತಾಗಬೇಕು. ಆ ಮೇಲೆ ಕೂತು, ಆ ಮೇಲೆ ಕುಕ್ಕರಗಾಲಿನಿಂದ. ಅಲ್ಲಿಯೂ ಪೃಷ್ಠವನ್ನು ಹಿಮ್ಮಡಿಯ ಹತ್ತಿರವೇ ಇಳಿಸಿ ಬೆನ್ನನ್ನು ತೊಟ್ಟಿಲ ಕಾಲಿನಂತೆ ಬಾಗಿಸಿಕೊಂಡು ಉರುಳಬೇಕು, ದೊಪ್ಪನೆ ಕೂರಬಾರದು. ಬಡಿಯುವಾಗ ಉಸಿರು ಹೊರಗೆ ಬಿಡಿ.

ತಲೆಯ ವಿಷಯಕ್ಕೆ, ನಾನು ಮಕ್ಕಳಿಗೆ ಗದ್ದದ ಕೆಳಗೆ ಮಡಚಿದ ಕರವಸ್ತ್ರ ಇಡಿಸುತ್ತಿದ್ದೆ. ಕಣ್ಣು ಸೊಂಟಪಟ್ಟಿಯ ಗಂಟಿನ ಮೇಲಿರಬೇಕು. ಕರವಸ್ತ್ರ ಬಿದ್ದಿತೆಂದರೆ ಗದ್ದ ಎದೆ ಬಿಟ್ಟಿತೆಂದೇ ಅರ್ಥ. 1882ರಲ್ಲಿ ಜಿಗೊರೊ ಕಾನೊ ಅವರು ಟೋಕಿಯೊದ ಒಂದು ದೇವಾಲಯದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದು ರೂಪಿಸಿದ ಈ ಕಲೆಯಲ್ಲಿ, ಬೀಳುವವನಿಗೆ 'ಉಕೆ', ಅಂದರೆ ಸ್ವೀಕರಿಸುವವನು, ಎಂದು ಹೆಸರು. ನಿಮ್ಮ ತರಗತಿಯಲ್ಲಿ ಮೂರು ವಾರ ಬೀಳಿಸಿಯೇ ಕಲಿಸುತ್ತಿದ್ದಾರೆಂದರೆ ನಿಮಗೆ ಒಳ್ಳೆಯ ಗುರುಗಳು ಸಿಕ್ಕಿದ್ದಾರೆ.

ಮರಳು ಬೇಡ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಪಾದ ತಿರುಚುತ್ತದೆ, ತಪ್ಪಾಗಿ ಬಿದ್ದರೂ ನೋಯದ್ದರಿಂದ ತಪ್ಪು ತಿಳಿಯುವುದಿಲ್ಲ. ಅಲೆ ತೋಯಿಸಿದ ಅಂಚಿನ ಮರಳಂತೂ ಸಿಮೆಂಟಿನಷ್ಟು ಗಟ್ಟಿ. ಮನೆಯಲ್ಲಿ ಹತ್ತಿಯ ಹಾಸಿಗೆಯ ಮೇಲೆ ಒಂದು ಕೌದಿ ಹಾಸಿಕೊಂಡರೆ ಕುಕ್ಕರಗಾಲಿನ ಅಭ್ಯಾಸಕ್ಕೆ ಅಷ್ಟು ಸಾಕು.

ಕೆಂಪು ಮಣ್ಣು, ಹಳಿಯಾಳ

ಅಕ್ಕಾ, ಮಾಸ್ತರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಕುಸ್ತಿಯಿಂದ ಜೂಡೊಗೆ ಹೋದವನು. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಹುಡುಗನಾಗಿದ್ದಾಗಿನಿಂದ, ಎದುರಾಳಿ ಎತ್ತಿದೊಡನೆ ಹೊಟ್ಟೆಯ ಕಡೆಗೆ ಹೊರಳುವುದು, ಆಗದಿದ್ದರೆ ತಲೆ ಮತ್ತು ಪಾದದ ಮೇಲೆ ಸೇತುವೆಯಂತೆ ನಿಲ್ಲುವುದು ಮೈಗೆ ಹತ್ತಿಬಿಟ್ಟಿತ್ತು. ಜೂಡೊ ಮ್ಯಾಟಿನಲ್ಲಿ ಮೊದಲ ವಾರವೇ ಅದನ್ನು ಮಾಡಿ ಕುತ್ತಿಗೆ ಹಿಡಿದುಕೊಂಡು ಎಂಟು ದಿನ ಒಂದೇ ಕಡೆ ನೋಡುತ್ತ ಓಡಾಡಿದೆ. ಎಸೆತದ ವೇಗದಲ್ಲಿ ಸೇತುವೆ ಕಟ್ಟುವುದು ಕುತ್ತಿಗೆಗೆ ಅಪಾಯವೆಂದೇ, ಅಂತರರಾಷ್ಟ್ರೀಯ ನಿಯಮದಲ್ಲಿ ಹಾಗೆ ಇಳಿದವನ ವಿರುದ್ಧ ಎದುರಾಳಿಗೆ ಪೂರ್ಣ ಅಂಕ, ಅಂದರೆ ಇಪ್ಪೊನ್, ಕೊಡುತ್ತಾರೆ. ನಿಮ್ಮ ಕೈ ಹಿಂದೆ ಹೋಗುವುದಕ್ಕೂ ಒಳಗಿನ ಕಾರಣ ಇಂಥದ್ದೇ ಇರಬೇಕು: ಬಿದ್ದರೆ ಸೋತೆ ಎಂದು ಮೈ ತಿಳಿದುಕೊಂಡಿದೆ. ನನ್ನ ಮೈ ಅದನ್ನು ಬಿಡಲು ನಾಲ್ಕು ತಿಂಗಳು ತೆಗೆದುಕೊಂಡಿತು, ನಿಮ್ಮದು ಇಷ್ಟು ಹಟ ಮಾಡಲಾರದು.

ಕುಮಟಾ ಫಿಸಿಯೊ

ಮೇಡಂ, ಉಕೆಮಿಯ ಚರ್ಚೆ ಇರಲಿ, ಮೊದಲು ಆ ಮಣಿಕಟ್ಟನ್ನು ತೋರಿಸಿ. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ, ಒಂದು ಚಿಕ್ಕ ಕುಳಿ ಕಾಣಿಸುತ್ತದೆ. ಅಲ್ಲಿ ಒತ್ತಿದರೆ ನೋಯುವುದಾದರೆ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರಿದಿರುವ ಸಂಶಯ ಪಡಬೇಕು. ಚಾಚಿದ ಅಂಗೈಯ ಮೇಲೆ ಬಿದ್ದವರಲ್ಲಿ ಇದು ಸಾಮಾನ್ಯ, ಬಾವು ಕಡಿಮೆ ಇರುವುದರಿಂದ ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಿರುವವರೇ ಹೆಚ್ಚು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣಿಸದೆಯೂ ಇರಬಹುದು. ಆಗ ಪಟ್ಟಿ ಕಟ್ಟಿ 10ರಿಂದ 14 ದಿನಗಳ ನಂತರ ಮತ್ತೆ ತೆಗೆಯುತ್ತಾರೆ. ಆ ಮೂಳೆಗೆ ರಕ್ತ ಬೆರಳುಗಳ ಕಡೆಯ ತುದಿಯಿಂದ ಒಳಗೆ ಹರಿಯುವುದರಿಂದ, ಉಪೇಕ್ಷೆ ಮಾಡಿದರೆ ಅದು ಕೂಡಿಕೊಳ್ಳದೇ ಉಳಿಯುವ ಸಂಭವ ಉಂಟು.

ತಲೆ ತಾಗುವುದನ್ನೂ ಹಗುರವಾಗಿ ನೋಡಬೇಡಿ. ಜಪಾನಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂರು ದಶಕಗಳಲ್ಲಿ ಜೂಡೊ ಅಭ್ಯಾಸದ ವೇಳೆ 100ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ, ಅವರಲ್ಲಿ ಬಹಳಷ್ಟು ಜನ ತಲೆಯ ಪೆಟ್ಟಿನಿಂದ ಹೋದ ಹೊಸ ಕಲಿಕೆಯವರು. ಕಾಲನ್ನು ಹಿಂದಿನಿಂದ ಕೊಯ್ದು ಹಿಂದಕ್ಕೆ ಕೆಡಹುವ ಓಸೊತೊಗಾರಿಯಂಥ ಎಸೆತದಲ್ಲಿ ತಲೆ ರಭಸದಿಂದ ತಿರುಗಿದರೆ, ಮೆದುಳಿನ ಹೊರಗಿನ ಸಣ್ಣ ರಕ್ತನಾಳ ಹರಿಯಲು ನೆಲಕ್ಕೆ ಜೋರಾಗಿ ಬಡಿಯಲೇಬೇಕೆಂದಿಲ್ಲ. ಬಿದ್ದ ಮೇಲೆ ತಲೆನೋವು, ವಾಂತಿ ಅಥವಾ ಮಂಪರು ಕಂಡರೆ ಅಂದಿಗೆ ಅಭ್ಯಾಸ ಮುಗಿಸಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಮಗಳಿಗೂ ಇದನ್ನು ಹೇಳಿಡಿ. ಮಕ್ಕಳು ತಲೆನೋವನ್ನು ಮುಚ್ಚಿಟ್ಟುಕೊಳ್ಳುತ್ತಾರೆ.

ಬಿಳಿ ಪಟ್ಟಿ, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ಆ ಕುಳಿಯಲ್ಲಿ ಒತ್ತಿದಾಗ ಕಣ್ಣಲ್ಲಿ ನೀರು ಬಂತು, ಅದೇ ಸಂಜೆ ಹೋಗಿ ತೋರಿಸಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ; ಆದರೂ ಹೆಬ್ಬೆರಳು ಸೇರಿಸಿ ಪಟ್ಟಿ ಹಾಕಿ, 12 ದಿನ ಬಿಟ್ಟು ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ನಾನು ಮ್ಯಾಟಿನ ಅಂಚಿನಲ್ಲಿ ಕೂತು ನೋಡುವವಳು. ನಿನ್ನೆ ಮಗಳ ಗದ್ದದ ಕೆಳಗೆ ಕರವಸ್ತ್ರ ಇಡಿಸಿ ಎಣಿಸಿದೆ: 20 ಸಲ ಬಿದ್ದಾಗ ಎರಡೇ ಸಲ ಜಾರಿತು, ಎರಡೂ ಸಲ ನಾನು ನಡುವೆ ಅವಳ ಹೆಸರು ಹಿಡಿದು ಕೂಗಿದ್ದಕ್ಕೆ.